ಗಾಳಿಗೆ ಅಂಜುತ್ತಿದ್ದ ಶಾಮಿಯಾನದ ಕಾಕಾ

ಮರಳಿ ಎಂಬ ಊರಿನ ನಮ್ಮ ಓಣಿಯಲ್ಲಿ ಶಾಮಿಯಾನ ಹಾಕುವ ಕಾಕಾ ಒಬ್ಬರಿದ್ದರು. ಎಲೆ ಅಲುಗದ ದಿನವೂ ಬೇವಿನ ಮರದ ತುದಿ ನೋಡಿ, “ಗಾಳಿ ಬಂದ್ರ?” ಎನ್ನುತ್ತಿದ್ದರು.

ತಂಗಿಯ ಮದುವೆಗೆ ಫೋಟೋ ಬೂತನ್ನು ನಾವೇ ಮಾಡಿದೆವು. ಎರಡು ಬಿದಿರಿನ ಗಳ, ನಡುವೆ ಪರದೆಯಾಗಿ ಅವ್ವನ ಮದುವೆಯ ಇಳಕಲ್ ಸೀರೆ. ಅಂಗಳಕ್ಕೆ ಹೊಸದಾಗಿ ಸಿಮೆಂಟ್ ಹಾಕಿಸಿದ್ದರಿಂದ ಕುಣಿ ತೋಡುವಂತಿರಲಿಲ್ಲ. ಗಳಗಳ ಬುಡಕ್ಕೆ ಭತ್ತದ ಚೀಲ ಒತ್ತಿ ನಿಲ್ಲಿಸಿದ್ದೆವು.

ಕಾಕಾ ಬಂದವರೇ ಗಳ ಅಲುಗಾಡಿಸಿ ನೋಡಿದರು.

“ಗಾಳಿ ಬಂದ್ರ? ಮದಿಮಗಳ ಮ್ಯಾಲ ಬೀಳತೈತಿ ನೋಡ್ರಿ.”

ಅವರ ಅಂಜಿಕೆ ನನಗೂ ಅಂಟಿತು. ಮತ್ತೆರಡು ಚೀಲ ತಂದಿಟ್ಟೆ. ಅವರು ಒಪ್ಪಲಿಲ್ಲ. ಗಳಗಳ ತುದಿಗೆ ಹಗ್ಗ ಕಟ್ಟಿ, ಸೀರೆಯ ಹಿಂದೆ ಹೋಗಿ, ಎರಡೂ ಹಗ್ಗ ಜಗ್ಗಿ ಹಿಡಿದು ನಿಂತುಬಿಟ್ಟರು.

ಬೀಗರೆಲ್ಲ ಫೋಟೋ ತೆಗೆಸಿಕೊಂಡ ಮೇಲೆ ತಂಗಿ ಕರೆದಳು, “ಕಾಕಾ, ನೀವೂ ಬಂದು ನಿಂದರ್ರಿ.”

“ಯವ್ವಾ, ನಾ ಬಂದ್ರ ಹಗ್ಗ ಯಾರ ಹಿಡೀತಾರ? ಗಾಳಿ ಬಂದ್ರ?”

ಅವತ್ತು ಗಾಳಿ ಬರಲೇ ಇಲ್ಲ. ಆಲ್ಬಮ್ಮಿನ ಒಂದೊಂದು ಫೋಟೋದಲ್ಲೂ ಸೀರೆಯ ಅಂಚಿನ ಕೆಳಗೆ ಎರಡು ಬರಿಗಾಲು ಕಾಣುತ್ತವೆ. ಬೆರಳುಗಳು ಸಿಮೆಂಟನ್ನು ಕಚ್ಚಿ ಹಿಡಿದಿವೆ.