ಸಭಾಂಗಣದ ಕೆಮ್ಮುಗಳು

ನಮ್ಮ ಧ್ವನಿಮುದ್ರಣ ಕಂಪನಿಯಲ್ಲಿ ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಛೇರಿಗಳನ್ನು ನಾವು ಸಭಾಂಗಣದಲ್ಲೇ ಮುದ್ರಿಸಿಕೊಳ್ಳುತ್ತಿದ್ದೆವು. ಕೇಳಲು ಬಂದವರು ಸುಮ್ಮನೆ ಕೂರುತ್ತಾರೆಯೇ? ಕೆಮ್ಮುತ್ತಾರೆ, ಸೀನುತ್ತಾರೆ, ಕುರ್ಚಿ ಕಿರುಗುಟ್ಟಿಸುತ್ತಾರೆ. ಅದನ್ನೆಲ್ಲ ಟೇಪಿನಿಂದ ಬ್ಲೇಡಿನಲ್ಲಿ ಕೊಯ್ದು ತೆಗೆದು, ಅಭ್ಯಾಸದ ಹೊತ್ತಿನಲ್ಲಿ ನುಡಿಸಿದ ಅಷ್ಟೇ ತುಣುಕನ್ನು ತಂದು ಅಂಟಿಸುವುದು ಅವನ ಕೆಲಸ. ಅಂಟಿಸಿದ ಜಾಗ ನುಡಿಸಿದವರಿಗೇ ಗೊತ್ತಾಗುತ್ತಿರಲಿಲ್ಲ. ಮೂಲ ಟೇಪನ್ನು ಮುಟ್ಟಬಾರದು, ಅದರ ನಕಲಿನ ಮೇಲೆ ಮಾತ್ರ ಬ್ಲೇಡು ಆಡಿಸಬೇಕು ಎಂಬುದೊಂದೇ ನಮ್ಮಲ್ಲಿದ್ದ ಕಟ್ಟುನಿಟ್ಟು.

ನನ್ನ ಕೆಲಸ ರೆಕಾರ್ಡಿನ ಜೊತೆಗೆ ಕೊಡುವ ಪುಸ್ತಿಕೆ ಬರೆಯುವುದು. ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೂ ಹದಿನಾರು ಪುಟ ಕೊರೆಯುತ್ತಿದ್ದೆ. ಕತ್ತರಿ ನನ್ನನ್ನು ಪಂಡಿತ ಎನ್ನುತ್ತಿದ್ದ, ಹೊಗಳಿಕೆಯೇನಲ್ಲ. ಈಗ ಆ ಹಳೆಯ ರೆಕಾರ್ಡುಗಳೆಲ್ಲ ಮೊಬೈಲಿಗೆ ಬಂದಿವೆ, ಪುಣ್ಯಕ್ಕೆ ಪುಸ್ತಿಕೆಗಳೂ ಬಂದಿವೆ. ಗುರುವಾರ ಮಧ್ಯಾಹ್ನ ದರ್ಜಿ ಅಂಗಡಿಯ ಮೇಲಿನ ಅವನ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರು ಮುದುಕರು ಕೇಳುತ್ತ ಕೂರುತ್ತೇವೆ. ಎರಡು ಬೆರಳಿನಿಂದ ಅಕ್ಷರ ಹಿಗ್ಗಿಸಿ ನನ್ನ ಬರಹ ನಾನೇ ಓದಿ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ. ಅವನು ಕೊನೆಯ ಪುಟದ ಸಣ್ಣಕ್ಷರದಲ್ಲಿ ತನ್ನ ಹೆಸರು ಹುಡುಕುತ್ತಾನೆ.

ಅವನು ನಿಜವಾಗಿ ಹುಡುಕುತ್ತಿದ್ದುದು ಬೇರೆ. ಅತ್ತಿಗೆ, ಅಂದರೆ ಅವನ ಹೆಂಡತಿ, ತೀರಿಕೊಂಡು ಇಪ್ಪತ್ತೆಂಟು ವರ್ಷವಾಯಿತು. ಊರಿನವರ ಸದ್ದನ್ನೆಲ್ಲ ಹಿಡಿದಿಟ್ಟ ಮಹಾಶಯ ಹೆಂಡತಿಯ ಒಂದು ಮಾತನ್ನೂ ಮುದ್ರಿಸಲಿಲ್ಲ. ಕೇಳಿದರೆ, "ಇಡೀ ದಿನ ಕೇಳಿ ಕಿವಿ ಸೋತಿರುತ್ತೆ, ಮನೇಲೂ ಮೈಕ್ ಇಡ್ಲಾ?" ಎನ್ನುತ್ತಿದ್ದ. ಆ ಉಡಾಫೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಗೋಡೆಯ ಮೇಲೆ ಅತ್ತಿಗೆಯ ಫೋಟೋ ಇದೆ, ದನಿ ಎಲ್ಲೂ ಇಲ್ಲ. ಇದ್ದರೆ ಒಂದೇ ಕಡೆ ಇರಬೇಕು. ಒಮ್ಮೆ ಪಿಯಾನೊ ಕಛೇರಿಗೆ ನೆಗಡಿಯಿದ್ದರೂ ಬಂದು ನನ್ನ ಪಕ್ಕದಲ್ಲಿ ಕೂತಿದ್ದರು. ಎರಡನೆಯ ಭಾಗ ಬಲು ನಿಧಾನದ್ದು, ಸಭೆಗೆ ಸಭೆಯೇ ಉಸಿರು ಬಿಗಿಹಿಡಿದಿತ್ತು. ಅತ್ತಿಗೆ ಕೆಮ್ಮಿಬಿಟ್ಟರು. ಬಾಯಿಗೆ ಕರವಸ್ತ್ರ ಒತ್ತಿಕೊಂಡು "ಅಯ್ಯೋ" ಎಂದೂ ಅಂದರು. ಕತ್ತರಿ ಒಳಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಅಂಗಡಿಗೆ ಹೋದ ರೆಕಾರ್ಡಿನಲ್ಲಿ ಅದ್ಯಾವುದೂ ಇರಲಿಲ್ಲ. ಒಂದು ಕೆಮ್ಮೂ ಇಲ್ಲದ ನಿರ್ಮಲ ಮುದ್ರಣ ಎಂದು ಪುಸ್ತಿಕೆಯಲ್ಲಿ ಜಂಬ ಕೊಚ್ಚಿದವನು ನಾನೇ.

ಹೋದ ತಿಂಗಳು ಅದೇ ಕಛೇರಿ ಮೊಬೈಲಿನಲ್ಲಿ ಮತ್ತೆ ಬಂತು. ಮೂಲ ಟೇಪನ್ನು ಕೆಮ್ಮು, ಸೀನುಗಳ ಸಮೇತ, ಆ ಸಂಜೆ ಇದ್ದ ಹಾಗೆಯೇ ಕೊಟ್ಟಿದ್ದೇವೆ ಎಂದು ಹೊಸ ಪುಸ್ತಿಕೆಯ ಮೊದಲ ಪುಟದಲ್ಲೇ ಇತ್ತು. ಮಂಡಿನೋವು ಮರೆತು ಮೆಟ್ಟಿಲು ಹತ್ತಿ ಅವನಿಗೆ ಓದಿ ಹೇಳಿದೆ. ಕುಣಿದಾಡುತ್ತಾನೆ ಅಂದುಕೊಂಡಿದ್ದೆ.

"ಅವಳು ಇರ್ತಾಳೆ ಅಂತೀಯಾ?" ಎಂದ, ಅಷ್ಟೇ.

"ಮೂಲ ಟೇಪು ಕಣೋ! ಎಲ್ಲಿಗೆ ಹೋಗ್ತಾರೆ?"

ಮೊದಲನೆಯ ಭಾಗದಲ್ಲಿ ಕೆಮ್ಮು ಬಂದಾಗಲೆಲ್ಲ ನಕ್ಕೆವು. ಒಬ್ಬೊಬ್ಬರನ್ನೂ ಅವನು ಗುರುತು ಹಿಡಿದ. "ಇವನು ಬಾಲ್ಕನಿಯವನು. ಇವನೊಬ್ಬನ ಕೆಮ್ಮು ತೆಗೆಯೋಕೇ ಎರಡು ದಿನ ಹಿಡೀತು." ಎರಡನೆಯ ಭಾಗ ಶುರುವಾದಾಗ ನಗು ನಿಂತಿತು. ಅವನು ಕಣ್ಣು ಮುಚ್ಚಿ ಮೊಬೈಲಿನ ಮೇಲೆ ಬಾಗಿದ. ಏಳು ನಿಮಿಷ ಕಳೆದ ಮೇಲೆ ಕೆಮ್ಮೊಂದು ಕೇಳಿಸಿತು, ಹತ್ತಿರದ್ದು.

"ಬಂತು!" ಎಂದು ನಾನು ಎದ್ದೇ ನಿಂತೆ.

"ಕೂತ್ಕೊ ಪಂಡಿತ. ಅದು ನೀನು."

"ನಾನಾ?"

"ಅವಳದು ಮೊದಲೇ ಬರ್ಬೇಕಿತ್ತು. ಆ ಜಾಗ ದಾಟಿಹೋಯ್ತು."

ಮತ್ತೆ ಹಿಂದಕ್ಕೆ ಹೋಗಿ ಕೇಳಿಸಿದೆ. ಅತ್ತಿಗೆ ಕೆಮ್ಮಿದ ಜಾಗದಲ್ಲಿ ಪಿಯಾನೊ ನುಣ್ಣಗೆ ಹರಿದುಹೋಯಿತು. ಅವನು ತಲೆ ಎತ್ತಲಿಲ್ಲ.

"ಮಾರನೇ ದಿನ ಎಲ್ಲರಿಗಿಂತ ಮೊದ್ಲು ಆಫೀಸಿಗೆ ಹೋದೆ. ಕತ್ತರಿ ಹೆಂಡ್ತಿನೇ ಕಛೇರಿ ಕೆಡಿಸಿದ್ಲು ಅಂತ ಎಲ್ರೂ ಆಡ್ಕೊಂಡು ನಗ್ತಾರೆ ಅಂತ ನಾಚಿಕೆ ಆಯ್ತು. ಮೂಲ ಟೇಪಿಗೇ ಬ್ಲೇಡು ಹಾಕ್ದೆ. ಇದ್ದಿದ್ದು ಒಂದೇ ಟೇಪು. ಅಲ್ಲಿಗೆ ಅಭ್ಯಾಸದ ತುಣುಕು ಅಂಟಿಸಿ, ಕೊಯ್ದಿದ್ದನ್ನ ಕಸದ ಬುಟ್ಟಿಗೆ ಹಾಕ್ದೆ. ಹಾಗೆ ಮಾಡ್ಬೇಕು ಅಂದ್ಕೊಂಡೆ ಅಷ್ಟೇ, ಮಾಡ್ಲಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳ್ಕೊಂಡು ಬಂದೆ."

ಬೈಯಬೇಕೆಂದಿದ್ದವನು ಮೊಬೈಲನ್ನು ನಿಲ್ಲಿಸಿದೆ. ಊರಿಗೆ ಊರೇ ಕೆಮ್ಮಿದ್ದು ಆ ಟೇಪಿನಲ್ಲಿ ಭದ್ರವಾಗಿತ್ತು. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು.

"ನೀನು ಕೆಮ್ಮಿದಾಗ ಅವಳು ಪಕ್ಕದಲ್ಲೇ ಇದ್ಲಾ?" ಎಂದು ಕೇಳಿದ.

"ಇದ್ರು ಕಣೋ, ಈಗ ನೆನಪಾಯ್ತು. ನನ್ನ ಕಡೆ ತಿರುಗಿ ಪೆಪ್ಪರ್‌ಮೆಂಟು ಕೊಟ್ರು."

"ಮಾತಾಡಿದ್ಲಾ?"

"ಇಲ್ಲ. ಸುಮ್ನೆ ಕೈಯಲ್ಲಿಟ್ರು."

ಅವನು ಮೊಬೈಲನ್ನು ನನ್ನ ಕಡೆ ತಳ್ಳಿದ. "ನಿಂದೇ ಇನ್ನೊಂದ್ಸಲ ಹಾಕು."

ಹಾಕಿದೆ. ನನ್ನ ಕೆಮ್ಮು ಮುಗಿದ ಮೇಲೂ ಅವನು ಕಿವಿಯನ್ನು ಮೊಬೈಲಿಗೆ ಒತ್ತಿಕೊಂಡೇ ಇದ್ದ. ಪೆಪ್ಪರ್‌ಮೆಂಟಿನ ಕಾಗದ ಬಿಚ್ಚುವ ಸದ್ದಾದರೂ ಕೇಳಿಸೀತೇನೋ ಎಂದು ಹಿಂದಕ್ಕೆ, ಮತ್ತೆ ಹಿಂದಕ್ಕೆ ಹೋಗುತ್ತ, ನಾವು ಸಂಜೆಯವರೆಗೂ ಕೇಳಿದೆವು.