ಬೆಳಕು ಎಡಕ್ಕೆ, ನೆರಳು ಬಲಕ್ಕೆ

ಅವರ ಬಲಗೈ ಕಿರುಬೆರಳಿನ ಉಗುರು ಅರ್ಧ ಇಂಚು ಉದ್ದವಿತ್ತು. ಉಳಿದ ಒಂಬತ್ತನ್ನೂ ಒಪ್ಪವಾಗಿ ಕತ್ತರಿಸಿಕೊಂಡು ಅದೊಂದನ್ನು ಮಾತ್ರ ಸಾಕಿದ್ದರು. ನಮ್ಮ ಚಿತ್ರದಲ್ಲಿ ತಪ್ಪು ಕಂಡರೆ ಪೆನ್ಸಿಲ್ ಎತ್ತಿಕೊಳ್ಳುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ. ಆ ಉಗುರಿನಿಂದ ಹಾಳೆಯ ಮೇಲೆ ಗೀರಿ "ಇಲ್ಲಿ" ಎಂದು ಮುಂದಿನ ಬೆಂಚಿಗೆ ಹೋಗುತ್ತಿದ್ದರು. ಗೀರಿದಲ್ಲಿ ಹಾಳೆ ಕುಳಿ ಬೀಳುತ್ತಿತ್ತು. ಆಮೇಲೆ ಎಷ್ಟು ಪೆನ್ಸಿಲ್ ತಿಕ್ಕಿದರೂ ಅಲ್ಲೊಂದು ಬಿಳಿ ಗೆರೆ ಉಳಿಯುತ್ತಿತ್ತು.

ದೇವದುರ್ಗದ ನಮ್ಮ ಹೈಸ್ಕೂಲಿಗೆ ಅವರು ಡ್ರಾಯಿಂಗ್ ಮಾಸ್ತರು. ಊರಿನಲ್ಲಿ ಯಾರ ಮದುವೆಯಾದರೂ ವೇದಿಕೆಯ ಹಿಂದೆ ಅಂಟಿಸುವ ಥರ್ಮಾಕೋಲ್ ಅಕ್ಷರಗಳು ಅವರವೇ. ಅವರವು ಎಂದರೆ, ನಮ್ಮವು. ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಹುಡುಗರು ಬ್ಲೇಡು ಹಿಡಿದು ಅಕ್ಷರ ಕೊರೆಯುತ್ತಿದ್ದರು, ಹುಡುಗಿಯರು ಅಂಟು ಸವರಿ ಮಿಂಚುಪುಡಿ ಉದುರಿಸುತ್ತಿದ್ದೆವು. ಮನೆಗೆ ಹೋದಾಗ ಅವ್ವ ನನ್ನ ತಲೆ ನೋಡಿ "ಯಾರ ಮದುವಿ ಬೇ ಇವತ್ತ?" ಎಂದು ಕೇಳುತ್ತಿದ್ದಳು. ಯಾರಾದರೂ ಚಿತ್ರ ಯಾವಾಗ ಬರೆಯುವುದೆಂದು ಕೇಳಿದರೆ ಮಾಸ್ತರರ ಉತ್ತರ ಸಿದ್ಧವಿತ್ತು: "ಇದೂ ಡಿಸೈನ್ ಪಾಠಾನ. ಸುಮ್ನ ಹಚ್ಚು."

ನಾನು ಇಲ್ಲಿ ಎಚ್ಚರದಿಂದ ಬರೆಯಬೇಕು. ನಾನು ದಿನಚರಿ ಬರೆಯಲು ಶುರು ಮಾಡಿದ್ದು ವಿಶ್ವವಿದ್ಯಾಲಯದಲ್ಲಿ ದೃಶ್ಯಕಲೆ ಓದುವಾಗ. ಹೈಸ್ಕೂಲಿನ ಸಂಗತಿಗಳೆಲ್ಲ ಅದರಲ್ಲಿ ವರ್ಷಗಳ ನಂತರ ನೆನಪಿನಿಂದ ಬರೆದವು. ಒಬ್ಬರ ಮೇಲೆ ತಿರಸ್ಕಾರವಿದ್ದಾಗ ನೆನಪು ಅವರ ಮುಖವನ್ನು ಇನ್ನಷ್ಟು ಸೊಟ್ಟ ಮಾಡಿಯೇ ಬರೆಯುತ್ತದೆ. ಅದಕ್ಕೆ ಅವರ ಪರವಾದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಕೈ ಒಳ್ಳೆಯದಿತ್ತು. ಕರಿಹಲಗೆಯ ಮುಂದೆ ನಿಂತು ಒಂದೇ ಎಳೆತಕ್ಕೆ ವೃತ್ತ ಬರೆದರೆ ಗಣಿತದ ಮಾಸ್ತರು ಕಂಪಾಸು ಹಿಡಿದು ಬಂದರೂ ತಪ್ಪು ಸಿಗುತ್ತಿರಲಿಲ್ಲ. "ಮಣಿಕಟ್ಟಿನಿಂದ ಎಳಿಬ್ಯಾಡ್ರಿ, ರಟ್ಟಿಯಿಂದ ಎಳೀರಿ" ಎನ್ನುತ್ತಿದ್ದರು. ನಾನು ಇವತ್ತಿಗೂ ಗೆರೆ ಎಳೆಯುವುದು ಹಾಗೆಯೇ. ಅಷ್ಟು ಒಳ್ಳೆಯ ಕೈಯನ್ನು ಅವರು 'ಶುಭವಿವಾಹ'ಕ್ಕೂ ಹೆಡ್‌ಮಾಸ್ತರರ ಭಾವಚಿತ್ರಕ್ಕೂ ಕೊಟ್ಟುಬಿಟ್ಟರು. ಆ ಭಾವಚಿತ್ರದಲ್ಲಿ ಹೆಡ್‌ಮಾಸ್ತರರು ಹಾಲಿನಂಥ ಬಣ್ಣದವರಾಗಿದ್ದರು, ತಲೆತುಂಬ ಕೂದಲಿತ್ತು. ಎರಡೂ ನಿಜವಲ್ಲ.

ಒಮ್ಮೆ ಅಪ್ಪ ನನ್ನನ್ನು ಒಂದು ಬುದ್ಧನ ಚಿತ್ರ ಬರೆದುಕೊಡು ಎಂದು ಕೇಳಿದ. ಅಪ್ಪ ಗೌಂಡಿ ಕೆಲಸದವನು. ನಮ್ಮದು ಬುದ್ಧನನ್ನು ನಂಬಿದ ಮನೆ, ಪಡಸಾಲೆಯ ಗೋಡೆಗೆ ತಾನೇ ಹೊಸದಾಗಿ ಗಿಲಾವು ಮಾಡಿದ್ದ. ನನಗೆ ಬುದ್ಧನ ಮುಖ ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ. ಊಟವಾದ ಮೇಲೆ ಅಪ್ಪ ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂಡುತ್ತಿದ್ದನಲ್ಲ, ಆ ಮುಖ ನೋಡಿ ಬರೆದೆ. ಅಗಲ ಮೂಗು, ದಪ್ಪ ತುಟಿ. ಬಣ್ಣ ಹಾಕುವ ಮುಂಚೆ ಶಾಲೆಗೆ ಒಯ್ದದ್ದು ನನ್ನ ತಪ್ಪು.

ಮಾಸ್ತರು ನೋಡಿ ನಕ್ಕರು. ಆ ನಗು ನನಗೆ ಖಂಡಿತ ನೆನಪಿದೆ.

"ಬುದ್ಧಗ ಇಂಥಾ ಮೂಗು ಇರತದೇನ? ಇವ ಯಾರೋ ಕಲ್ಲು ಹೊರಾವ ಇದ್ದಂಗ ಅದಾನ ನೋಡ್ರಿ," ಎಂದು ಇಡೀ ಕ್ಲಾಸಿಗೆ ಎತ್ತಿ ತೋರಿಸಿದರು. ಆಮೇಲೆ ಕೂತು, ಮೂಗನ್ನೂ ತುಟಿಯನ್ನೂ ಅಳಿಸಿ, ಕ್ಯಾಲೆಂಡರಿನಲ್ಲಿರುವಂಥ ಚೂಪು ಮೂಗು ಇಟ್ಟು, ಕೆಳಗೆ ಮೂಲೆಯಲ್ಲಿ ತಮ್ಮ ಸಹಿ ಹಾಕಿಕೊಟ್ಟರು.

ಮನೆಯಲ್ಲಿ ಅಪ್ಪ ಅದನ್ನು ಬಹಳ ಹೊತ್ತು ನೋಡಿದ. "ಛಲೋ ಅದ," ಅಂದ. ಆಮೇಲೆ, "ಆದ್ರ ಇದು ನೀ ತಗದದ್ದಲ್ಲವ್ವಾ," ಅಂದ. ಗೋಡೆಗೆ ಹಚ್ಚಲಿಲ್ಲ.

ಇನ್ನು ಪರೀಕ್ಷೆ. ಸರ್ಕಾರ ನಡೆಸುವ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ನಾವು ಹನ್ನೊಂದು ಜನ ಕಟ್ಟಿದ್ದೆವು. ಅದರಲ್ಲಿ ವಸ್ತುಚಿತ್ರ ಒಂದು ಪತ್ರಿಕೆ. ಮೇಜಿನ ಮೇಲೆ ಪಾತ್ರೆಯನ್ನೋ ಹಣ್ಣನ್ನೋ ಇಟ್ಟಿರುತ್ತಾರೆ, ನೋಡಿ ಬರೆಯಬೇಕು. ಮಾಸ್ತರು ಒಂದು ದಿನವೂ ಮೇಜಿನ ಮೇಲೆ ಏನನ್ನೂ ಇಡಲಿಲ್ಲ. ಕರಿಹಲಗೆಯ ಮೇಲೆ ಒಂದು ಹೂಜಿ, ಎರಡು ಉಳ್ಳಾಗಡ್ಡಿ, ಹಿಂದೆ ಮೂರು ಮಡಿಕೆಯ ಬಟ್ಟೆ ಬರೆದರು. ಅದನ್ನೇ ಜೂನ್‌ನಿಂದ ಪರೀಕ್ಷೆಯತನಕ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆವು.

"ಅವರು ಏನರ ಇಡ್ಲಿ. ನೀವು ಬಾಳ ನೋಡಾಕ ಹೋಗಬ್ಯಾಡ್ರಿ, ಕಣ್ಣು ಮೋಸ ಮಾಡತದ. ಬೆಳಕು?"

"ಎಡಕ್ಕ್ರೀ ಸರ್!"

"ನೆರಳು?"

"ಬಲಕ್ಕ್ರೀ ಸರ್!"

ನನ್ನ ಪಕ್ಕದಲ್ಲಿ ಕೂಡುತ್ತಿದ್ದವಳು ರೇಷ್ಮಾ. ಸಂತೆಬೀದಿಯಲ್ಲಿ ಅವರಪ್ಪನದು ಬಳೆ ಅಂಗಡಿ. ಹನ್ನೊಂದು ಜನರಲ್ಲಿ ನಿಜವಾಗಿ ಚಿತ್ರ ಬರೆಯುತ್ತಿದ್ದವಳು ಅವಳೊಬ್ಬಳೇ ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿತ್ತೋ ಇಲ್ಲವೋ ಗೊತ್ತಿಲ್ಲ. ಅವರಪ್ಪ ಅವಳಿಗೆ ಸ್ಪಷ್ಟವಾಗಿ ಹೇಳಿದ್ದರು: "ಪಾಸ್ ಹುಯೀ ತೋ ಠೀಕ್, ನೈಂ ತೋ ಬಸ್." ಪಾಸಾದರೆ ಮುಂದೆ ಚಿತ್ರ ಕಲಿಯಬಹುದು, ಫೇಲಾದರೆ ಬಣ್ಣದ ಡಬ್ಬಿ ಮುಚ್ಚಿಟ್ಟು ಅಂಗಡಿಯಲ್ಲಿ ಕೂಡಬೇಕು.

ಪರೀಕ್ಷೆಯ ದಿನ ಮಾಸ್ತರು ನಮ್ಮನ್ನು ಬಸ್ಸಿನಲ್ಲಿ ರಾಯಚೂರಿಗೆ ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ನನ್ನ ದಿನಚರಿಯಲ್ಲಿ ಇರುವಂತೆಯೇ ಮೊದಲು ಬರೆಯುತ್ತೇನೆ.

ಮೇಜಿನ ಮೇಲೆ ಹಿತ್ತಾಳೆ ಚೆಂಬು, ಎರಡು ಬದನೆಕಾಯಿ ಇದ್ದವು. ನಾವು ಉಳ್ಳಾಗಡ್ಡಿಗೆ ತಯಾರಾಗಿ ಹೋಗಿದ್ದವರು. ಕೋಣೆಯ ಕಿಟಕಿ ನಮ್ಮ ಬಲಗಡೆಗಿತ್ತು. ಬಿಸಿಲೆಲ್ಲ ಅಲ್ಲಿಂದಲೇ ಬರುತ್ತಿತ್ತು, ಚೆಂಬಿನ ನೆರಳು ಎಡಕ್ಕೆ ಉದ್ದಕ್ಕೆ ಬಿದ್ದಿತ್ತು. ಹನ್ನೊಂದು ಜನವೂ ತಲೆ ತಗ್ಗಿಸಿ ನೆರಳನ್ನು ಬಲಕ್ಕೆ ಹಾಕತೊಡಗಿದೆವು. ಮೇಲ್ವಿಚಾರಕಿಯೊಬ್ಬರು ನಮ್ಮ ಸಾಲಿನಲ್ಲಿ ನಡೆಯುತ್ತ ಒಂದೊಂದೇ ಹಾಳೆ ನೋಡಿದರು. "ಏನ್ರವ್ವಾ, ನಿಮ್ಮ ದೇವದುರ್ಗದಾಗ ಸೂರ್ಯ ಒಂದ ಕಡಿ ನಿಂತಿರತಾನೇನು?" ಎಂದು ನಕ್ಕು ಮುಂದೆ ಹೋದರು. ಆಗ ನಾನು ತಲೆ ಎತ್ತಿ ನೋಡಿದೆ. ನೆರಳೆಲ್ಲ ಅಳಿಸಿದೆ. ಹಾಳೆಯ ಮೈ ಎದ್ದು ನಾರುನಾರಾಯಿತು, ಮಡಿಲ ತುಂಬ ರಬ್ಬರಿನ ಕರಿ ಹುಡಿ. ಕಂಡಂತೆ ಬರೆದೆ.

ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಮಾಸ್ತರರಿಗೆ ಇದು ಗೊತ್ತಾಯಿತು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಅವರ ಮೇಲೆ ಸ್ವಲ್ಪ ಗೌರವ ಉಳಿಯುತ್ತಿತ್ತೇನೋ. ಬಾಯಲ್ಲಿದ್ದ ಎಲೆ ಉಗುಳಿ ಬಂದು ನಿಧಾನಕ್ಕೆ ಹೇಳಿದರು:

"ಕಿಟಕಿ ಯಾಕ ನೋಡಿದಿ? ಪೇಪರ್ ತಿದ್ದಾವ ಎಲ್ಲೋ ದೂರದ ಊರಾಗ ಕುಂತಿರತಾನ. ಅವಗೇನು ಈ ಕಿಟಕಿ ಕಾಣತದೇನು? ನೀಟಾಗಿ ಅದನೋ ಇಲ್ಲೋ ಅಷ್ಟ ನೋಡತಾನ."

ಅಂದರೆ ಅವರಿಗೆ ಗೊತ್ತಿತ್ತು. ಅವರು ಕಲಿಸಿದ್ದು ಅಜ್ಞಾನದಿಂದಲ್ಲ, ಲೆಕ್ಕಾಚಾರದಿಂದ. ನೋಡುವುದನ್ನು ಕಲಿಸಬೇಕಾದವರು ನೋಡದಿರುವುದನ್ನು ಕಲಿಸಿದರು, ಅದೂ ಬುದ್ಧಿಪೂರ್ವಕವಾಗಿ. ಫಲಿತಾಂಶ ಬಂದಾಗ ಹತ್ತು ಜನ ಪಾಸು. ಚೆಂಬಿನ ಪಕ್ಕ ಉಳ್ಳಾಗಡ್ಡಿಯನ್ನೇ ಬರೆದು ಬಂದಿದ್ದ ಹುಡುಗನೂ ಪಾಸು. ಫೇಲಾದವಳು ರೇಷ್ಮಾ ಒಬ್ಬಳು. ಯಾಕೆ ಎಂದು ನಾನು ಕೇಳಲಿಲ್ಲ. ಅವಳು ಡ್ರಾಯಿಂಗ್ ಕ್ಲಾಸಿಗೆ ಬರುವುದು ನಿಂತಿತು.

ಈ ಕತೆಯನ್ನು ನಾನು ವಿಶ್ವವಿದ್ಯಾಲಯದಲ್ಲಿ ಗೆಳೆಯರಿಗೆ ಹೇಳಿದ್ದೇನೆ, ಕೆಲಸದ ಸಂದರ್ಶನದಲ್ಲಿ ಹೇಳಿದ್ದೇನೆ. ಈಗ ಮಾನ್ವಿಯ ಹೈಸ್ಕೂಲೊಂದರಲ್ಲಿ ನಾನೇ ಚಿತ್ರಕಲಾ ಶಿಕ್ಷಕಿ. ನನ್ನ ಕ್ಲಾಸಿನ ಮಕ್ಕಳಿಗೂ ಹೇಳಿದ್ದೇನೆ.

ಮಾಸ್ತರು ನಿವೃತ್ತಿಯ ನಂತರ ಮಾನ್ವಿಯಲ್ಲಿಯೇ ಮಗನ ಮನೆಯಲ್ಲಿದ್ದರು. ನಾಲ್ಕು ವರ್ಷ ಒಂದೇ ಊರಿನಲ್ಲಿದ್ದರೂ ನಾನು ನೋಡಲು ಹೋಗಲಿಲ್ಲ. ಹೋಗುವ ಮನಸ್ಸೂ ಇರಲಿಲ್ಲ. ಕಳೆದ ವರ್ಷ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವರು ಸ್ವಂತ ಕೈಯಿಂದ ಬರೆದುಕೊಂಡಿದ್ದ ಅವರದೇ ಭಾವಚಿತ್ರವನ್ನು ಯಾರೋ ಹಾಕಿದ್ದರು. ಅದರಲ್ಲಿ ಅವರೂ ಹೆಡ್‌ಮಾಸ್ತರರಷ್ಟೇ ಬೆಳ್ಳಗಿದ್ದರು. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ನಾನೂ ಒಂದು ಹಾಕಿದೆ. ಸುಳ್ಳು ಹೇಳುವುದಿಲ್ಲ, ನನಗೆ ದುಃಖವಾಗಲಿಲ್ಲ.

ಅದೇ ಗುಂಪಿನಿಂದ ರೇಷ್ಮಾಳ ಪತ್ತೆ ಸಿಕ್ಕಿತು. ಕವಿತಾಳದಲ್ಲಿದ್ದವಳು ಗಂಡನ ಜೊತೆ ಆಗಷ್ಟೇ ಮಾನ್ವಿಗೆ ಬಂದು ಬಳೆ ಅಂಗಡಿ ಹಾಕಿದ್ದಳು. ಹೋಗಿ ಕೂತೆ, ಚಹಾ ತರಿಸಿದಳು. ಮಾತು ಮಾಸ್ತರರ ಕಡೆ ಹೊರಳಿತು. ನಾನು ನನ್ನ ಕತೆ ತೆಗೆದೆ. ಕಿಟಕಿ, ಮೇಲ್ವಿಚಾರಕಿ, ಅಳಿಸಿದ ನೆರಳು. ಅವಳು ಗಿರಾಕಿಯ ಕೈಗೆ ಬಳೆ ತೊಡಿಸುತ್ತ ಕೇಳಿದಳು, ಆಮೇಲೆ ಜೋರಾಗಿ ನಕ್ಕಳು.

"ಯವ್ವಾ, ಅದು ನೀನಲ್ಲ ಬೇ, ನಾನು!"

"ಏನು?"

"ನೀ ಹೆಂಗ ಅಳಸ್ತಿ? ನಿನ್ನ ರಬ್ಬರ್ ನನ್ನ ಕೈಯಾಗಿತ್ತು. ನಂದು ಕರ್ರಗಾಗಿ ಹಾಳಿ ಹೊಲಸಾಗಾಕತ್ತಿತ್ತು, ನೀನ ಕೊಟ್ಟಿ. ತಿಕ್ಕಿ ತಿಕ್ಕಿ ಹಾಳಿ ಹರೀತು. ಚೆಂಬು ಮುಗಿಯೋದ್ರಾಗ ಗಂಟಿ ಹೊಡದ್ರು. ಬದನಿಕಾಯಿ ಹಂಗ ಉಳದ್ವು."

"ಮಾಸ್ತರು ಬಸ್ ಸ್ಟ್ಯಾಂಡಿನಾಗ..."

"ನನಗ ಅಂದ್ರು. ನೀ ಹಿಂದ ನಿಂತಿದ್ದಿ. ಬಾಯಿ ಮುಚಗೊಂಡು."

ರಬ್ಬರಿನ ಮಾತು ಕೇಳಿದ ಕೂಡಲೇ ಅದನ್ನು ಚಾಚಿದ ನನ್ನ ಕೈ ನನಗೆ ಕಂಡಿತು. ಮಡಿಲಲ್ಲಿ ಬಿದ್ದ ಕರಿ ಹುಡಿಯೂ ಕಂಡಿತು. ಆ ಮಡಿಲು ಅವಳದಾಗಿತ್ತು. ಅಥವಾ ಅವಳು ಹೇಳಿದ ಮೇಲೆ ಹಾಗೆ ಕಾಣುತ್ತಿದೆಯೇ? ಅದನ್ನೂ ಪೂರ್ತಿ ನಂಬಲಾರೆ. ಆದರೆ ಫಲಿತಾಂಶ ಅವಳ ಮಾತಿಗೇ ಹೊಂದುತ್ತದೆ. ನಾನು ಪಾಸಾದದ್ದು ಮಾಸ್ತರರ ನೆರಳಿನಿಂದ. ಡಿಗ್ರಿ, ನೌಕರಿ ಎಲ್ಲ ಅದರ ಬೆನ್ನಿಗೆ ಬಂದವು. ಇಷ್ಟು ವರ್ಷ ಅವರನ್ನು ಹೀನಾಯವಾಗಿ ಕಾಣಲು ನಾನು ಎರವಲು ತಂದುಕೊಂಡದ್ದು ಇವಳ ಧೈರ್ಯವನ್ನು. ಇದರಿಂದ ಮಾಸ್ತರರ ಮೇಲಿನ ತಿರಸ್ಕಾರ ಕಡಿಮೆಯಾಗಲಿಲ್ಲ. ಅದರಲ್ಲಿ ನನಗೂ ಪಾಲು ಬಂತು, ಅಷ್ಟೇ.

ರೇಷ್ಮಾಳ ಮುಖದಲ್ಲಿ ಸಿಟ್ಟಿರಲಿಲ್ಲ. ಬಳೆ ಡಬ್ಬಿ ಮುಚ್ಚಿಟ್ಟು, "ನನ್ನ ಮಗಳು ಈಗ ಎಂಟನೇತ್ತ ಓದಾಕತ್ತಾಳ. ಅಕೀಗೂ ಡ್ರಾಯಿಂಗ್ ಹುಚ್ಚು ಅದ. ಆ ಪರೀಕ್ಷಿಗೆ ಕೂಡತೀನಿ ಅಂತಾಳ. ಅವರಪ್ಪ ನಮ್ಮಪ್ಪನಂಗ ಅದಾರ, ಪಾಸಾದ್ರ ಸರಿ ಅಂತಾರ. ನಿನ್ನ ಹತ್ರ ಕಳಸ್ಲ್ಯಾ?" ಎಂದಳು.

"ಕಳಸು," ಅಂದೆ.

"ಅಕೀನ ನನ್ನಂಗ ಮಾಡಬ್ಯಾಡ ಮತ್ತ. ಮಾಸ್ತರು ಕಲಿಸ್ಯಾರಲ್ಲ, ಹಂಗ ಕಲಸು. ಅಕಿ ಪಾಸಾಗಬೇಕು."

ಹುಡುಗಿ ಭಾನುವಾರ ಬೆಳಿಗ್ಗೆ ಬಂದಳು. ಅಡುಗೆಮನೆಯಿಂದ ಒಂದು ತಂಬಿಗೆ, ಒಂದು ಮಾವಿನಕಾಯಿ ತಂದು ಪಡಸಾಲೆಯ ಸ್ಟೂಲಿನ ಮೇಲಿಟ್ಟೆ. ಅವಳು ಹಾಳೆ ಬಿಚ್ಚಿ, ಒಮ್ಮೆ ಅದರ ಕಡೆ ಒಮ್ಮೆ ನನ್ನ ಕಡೆ ನೋಡಿ ಕೇಳಿದಳು:

"ಟೀಚರ್, ನೆರಳು ಯಾ ಕಡಿ ಹಾಕಬೇಕ್ರಿ?"

ಉತ್ತರ ನನ್ನ ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಅವರದೇ ದನಿಯಲ್ಲಿ ಬಂತು. ಅದನ್ನು ನುಂಗಿಕೊಂಡು, "ನೋಡು," ಅಂದೆ.

ಅವಳು ಗದ್ದಕ್ಕೆ ಕೈ ಹಚ್ಚಿ ನೋಡುತ್ತ ಕೂತಿದ್ದಾಳೆ. ನಾಲ್ಕು ಭಾನುವಾರಗಳಾದವು, ಚಿತ್ರ ಇನ್ನೂ ಅರ್ಧಕ್ಕಿದೆ. ಪರೀಕ್ಷೆಯಲ್ಲಿ ಎಷ್ಟು ಹೊತ್ತು ಕೊಡುತ್ತಾರೆಂದು ನಾನು ಅವಳಿಗೆ ಇನ್ನೂ ಹೇಳಿಲ್ಲ.