ಕಲ್ಲುಗಣಿಯಲ್ಲಿ ಖಾಲಾ ಕಂಡದ್ದು

ಕುಂಡಯಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಾನು ಪ್ಯಾಕಿಂಗ್ ಕೆಲಸಕ್ಕಿದ್ದಾಗ ನಮ್ಮ ಚಾಳಿನ ಹಿಂದೆ ಒಂದು ಗುಡ್ಡವಿತ್ತು. ಅದರ ಮೇಲೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಗಣಿ; ಮಳೆಗಾಲದಲ್ಲಿ ಅದರ ತುಂಬ ನೀರು. ಅಲ್ಲೊಂದು ಪ್ರಾಣಿ ಇದೆ, ಹುಲಿಯೂ ಅಲ್ಲ ನಾಯಿಯೂ ಅಲ್ಲ, ಅಜ್ಜಂದಿರ ಕಾಲದಿಂದಲೂ ಇದೆ ಎಂದು ಚಾಳಿನ ಮಾಲಕಿ ಹೇಳುತ್ತಿದ್ದಳು. ಅವಳೇನೂ ನೋಡಿರಲಿಲ್ಲ.

ನೋಡಿದ್ದೇನೆ ಎಂದವರು ಇಬ್ಬರು. ಒಬ್ಬ ನಮ್ಮ ಸಾಲಿನ ಟ್ರಕ್ ಡ್ರೈವರ್. ಅವನು ಮೊದಲು ಹೇಳಿದಾಗ ಅದು ಕರುವಿನಷ್ಟಿತ್ತು; ಚೌತಿಯ ಹೊತ್ತಿಗೆ ಕುದುರೆಯಷ್ಟಾಗಿ, ಕಣ್ಣಲ್ಲಿ ಬೆಂಕಿಯೂ ಬಂದಿತ್ತು. ಚಹಾ ಕುಡಿಯುತ್ತ ಕೇಳಿ ನಗುತ್ತಿದ್ದೆವು.

ಇನ್ನೊಬ್ಬರು ಪಕ್ಕದ ಕೋಣೆಯ ಹೆಂಗಸು, ವಿಜಯಪುರದ ಕಡೆಯವರು; ಚಾಳಿನವರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಕಟ್ಟಿಗೆ ಆರಿಸಲು ಹೋಗಿದ್ದಾಗ ಕಂಡಿದ್ದರು. ತಾವಾಗಿ ಯಾರಿಗೂ ಹೇಳಿರಲಿಲ್ಲ, ನಾನೇ ಕೆದಕಿದೆ.

“ನಾಯಿ ಹಂಗಿತ್ತವ್ವಾ, ನಾಯಿ ಅಲ್ಲ. ಮುಂದಿನ ಕಾಲು ಭಾಳ ಉದ್ದ.”

“ಎಷ್ಟ ದೊಡ್ಡದಿತ್ರಿ?”

“ಹೆಂಗ ಹೇಳ್ಲಿ? ಅಳತಿ ಹಿಡಿಯಾಕ ಅದರ ಮಗ್ಗಲಾಗ ಏನೂ ಇರಲಿಲ್ಲ.”

“ಓಡಿ ಹೋತೇನ್ರಿ?”

“ಇಲ್ಲ. ನಾನ ಹೊರಳಿ ಬಂದೆ. ಅದು ಅಲ್ಲೇ ನಿಂತಿತ್ತು.”

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ಕಂಡೆ ಎಂದರೆ ನಂಬದೆ ಇರುವುದು ಕಷ್ಟ. ಆದರೂ ಅವರ ಒಂದು ಕಣ್ಣಿಗೆ ಪೊರೆ ಬರುತ್ತಿತ್ತು, ಗುಡ್ಡದ ಮೇಲೆ ಮಂಜು ಬೇರೆ. ತೊಯ್ದ ಚಿರತೆ ಇರಬಹುದಲ್ಲ ಎಂದೆ.

“ಇರಬಹುದವ್ವಾ,” ಎಂದರು. ವಾದ ಮಾಡಲಿಲ್ಲ.

ರಜೆಯ ದಿನ ಮಧ್ಯಾಹ್ನ, ಒತ್ತಾಯ ಮಾಡಿ ಅವರ ಜೊತೆ ಗಣಿಗೆ ಹೋದೆ. ಸಣ್ಣ ಮಳೆ ಹಿಡಿದಿತ್ತು. ಗಣಿಗೆ ಇಳಿಯುತ್ತಿದ್ದಂತೆ ಕೆಳಗಿನ ಕಾರ್ಖಾನೆಗಳ ಸದ್ದು ಅಡಗಿತು. ಕಪ್ಪೆ ಕೂಡ ಕೂಗುತ್ತಿರಲಿಲ್ಲ. ಖಾಲಾ ನನ್ನ ಮೊಣಕೈ ಹಿಡಿದರು.

ನೀರಿನ ಅಂಚಿಗೆ ಒಂದು ಚಪ್ಪಟೆ ಬಂಡೆ. ಮೇಲೆ ಮರವಿಲ್ಲ, ಮರೆಯಿಲ್ಲ, ಬರಿ ಆಕಾಶ. ಬಂಡೆಯೆಲ್ಲ ತೊಯ್ದು ಕಪ್ಪಾಗಿತ್ತು. ನಡುವೆ ಮಾತ್ರ ಒಣಗಿದ ಒಂದು ಜಾಗ, ಮನುಷ್ಯ ಮಲಗುವುದಕ್ಕಿಂತ ಉದ್ದ. ನೋಡುತ್ತಿದ್ದಂತೆಯೇ ಹನಿ ಬಿದ್ದು ಚುಕ್ಕೆಚುಕ್ಕೆಯಾಗಿ ಅದೂ ಕಪ್ಪಾಯಿತು. ಏನೋ ಈಗಷ್ಟೇ ಅಲ್ಲಿಂದ ಎದ್ದಿತ್ತು. ಎತ್ತ ಹೋಯಿತು? ಸುತ್ತ ನೆಟ್ಟಗೆ ಕಡಿದ ಕಲ್ಲಿನ ಗೋಡೆ. ಇಳಿಯುವ ದಾರಿ ಒಂದೇ, ಅಲ್ಲಿ ನಾವು ನಿಂತಿದ್ದೆವು. ಉಳಿದದ್ದು ನೀರು.

“ನೀರಿನ ಕಡೆ ನೋಡಬ್ಯಾಡ,” ಖಾಲಾ ಪಿಸುಗುಟ್ಟಿದರು. “ನಡಿ.”

ಕೆಲ ದಿನಗಳಲ್ಲಿ ಡ್ರೈವರನ ಕಥೆ ಊರೆಲ್ಲ ಹಬ್ಬಿ ಅರಣ್ಯದ ಗಾರ್ಡ್ ವಿಚಾರಿಸಲು ಬಂದ. ಇನ್ನೂ ಎಳೆಯ ವಯಸ್ಸಿನವ. ಡ್ರೈವರ್ ಕೈ ಅಗಲಿಸಿ ತೋರಿಸಿದ. ಗಾರ್ಡ್ ನಗು ತಡೆದುಕೊಂಡ. ನನ್ನನ್ನೂ ಕೇಳಿದ. ಪ್ರಾಣಿಯನ್ನು ನಾನು ನೋಡಿಲ್ಲ ಎಂದೆ, ಅದು ನಿಜವೇ. ಕೊನೆಗೆ ಖಾಲಾರನ್ನು ಕೇಳಿದ. ಅವರು ಅಕ್ಕಿ ಆರಿಸುತ್ತಲೇ ಇಲ್ಲವೆಂದು ತಲೆಯಾಡಿಸಿದರು. ಅವನು ಬೈಕು ಹತ್ತಿ ಹೊರಟುಹೋದ.

“ಯಾಕ್ರಿ ಖಾಲಾ, ಸುಳ್ಳ ಹೇಳಿದ್ರಿ?”

“ಡ್ರೈವರನ ಮಾತು ಕೇಳಿ ಯಾರೂ ಗುಡ್ಡ ಹತ್ತೂದಿಲ್ಲ,” ಎಂದರು. “ನಾ ಹೇಳಿದ್ರ, ಆ ಹುಡುಗ ಖರೇನ ಹೋಗತಿದ್ದ.”